ಮೂರನೇ ಹಲಗೆಯ ತಂತಿಗಳು

ಡಾಕ್ಟರ್ ಪ್ರೆಂಟಿಸ್ ಕಟ್ಟಿದ ಯಂತ್ರಕ್ಕೆ ಅಕ್ಷರಗಳ ಗುರುತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಪ್ಪಿದಾಗ ಗದರಿಸುತ್ತಿದ್ದೆವು, ಅಷ್ಟೆ. ಗದರಿಸುವುದೆಂದರೆ ಕೆಂಪು ಗುಂಡಿ ಒತ್ತುವುದು. ಆಗ ಒಳಗಿನ ಪುಟ್ಟ ಮೋಟಾರುಗಳು ಗುರ್ರೆಂದು ತಿರುಪುಗಳನ್ನು ಒಂದಿಷ್ಟು ಆಚೀಚೆ ಮಾಡುತ್ತಿದ್ದವು. 1960ರ ಚಳಿಗಾಲವಿಡೀ ಅಮೆರಿಕದ ಬಫಲೋದ ಪ್ರಯೋಗಾಲಯದಲ್ಲಿ ನಮ್ಮ ಮೂವರಿಗೆ ಇದೇ ಕೆಲಸ. ಹಿಮ ಕರಗುವ ಹೊತ್ತಿಗೆ ಯಂತ್ರ ಎ ಯಾವುದು, ಇ ಯಾವುದು ಎಂದು ದೀಪ ಹೊತ್ತಿಸಿ ಹೇಳತೊಡಗಿತ್ತು.

ಹಣ ಕೊಡುತ್ತಿದ್ದ ನೌಕಾಪಡೆಯವರು ನೋಡಿ ಒಪ್ಪಿದರೆ ಪ್ರಯೋಗಾಲಯ ಉಳಿಯುತ್ತಿತ್ತು, ಇಲ್ಲವಾದರೆ ಮುಚ್ಚುತ್ತಿತ್ತು. ಅವರು ಬರುವ ಬೆಳಿಗ್ಗೆ ಐರೀನ್ ಯಂತ್ರದ ಹಿಂಬದಿಯ ಧೂಳು ಒರೆಸುತ್ತಿದ್ದಳು. ತಂತಿಗಳನ್ನೆಲ್ಲ ಬೆಸೆದವಳು ಅವಳೇ. ಮೂರನೇ ಹಲಗೆಯಲ್ಲಿ ಒಂದು ಕಟ್ಟು ತಂತಿ ಪೂರ್ತಿ ತಲೆಕೆಳಗಾಗಿ ಬೆಸೆದಿರುವುದು ಕಣ್ಣಿಗೆ ಬಿತ್ತು. ಅಚ್ಚುಕಟ್ಟಿನ ಹುಚ್ಚು ಅವಳಿಗೆ. ಯಾರಿಗೂ ಹೇಳದೆ ಸರಿಪಡಿಸಿಬಿಟ್ಟಳು.

ಕಮಾಂಡರ್ ಥೇಯರ್ ಬಂದು ಕುಳಿತರು. ಪ್ರೆಂಟಿಸ್ ಎ ಬರೆದ ಕಾರ್ಡನ್ನು ಯಂತ್ರದ ಕ್ಯಾಮೆರಾದೆದುರು ಹಿಡಿದ. ಇ ದೀಪ ಹೊತ್ತಿತು. ಮತ್ತೆ ಹಿಡಿದ, ಮತ್ತೆ ಇ.

"ಏನ್ರೀ, ನಿಮ್ಮ ಮೇಧಾವಿಗೆ ಜ್ವರಾನಾ?" ಎಂದರು ಥೇಯರ್.

ಐರೀನಳ ಮುಖ ಬಿಳಚಿಕೊಂಡಿತು. "ಡಾಕ್ಟ್ರೇ, ಮೂರನೇ ಹಲಗೆ ತಂತಿ ಉಲ್ಟಾ ಇತ್ತು. ಬೆಳಿಗ್ಗೆ ಸರಿ ಮಾಡ್ದೆ."

"ಅಯ್ಯೋ, ಅದು ಆ ತಪ್ಪಿಗೆ ಹೊಂದ್ಕೊಂಡೇ ಕಲ್ತಿತ್ತಲ್ಲಮ್ಮಾ!" ಎಂದ ಪ್ರೆಂಟಿಸ್.

"ಮತ್ತೆ ಉಲ್ಟಾ ಹಾಕ್ಬಿಡ್ಲಾ? ಐದು ನಿಮಿಷ ಸಾಕು."

ಪ್ರೆಂಟಿಸ್ ಕೆಂಪು ಗುಂಡಿಯ ಮೇಲೆ ಬೆರಳಿಟ್ಟ. "ಬೇಡ. ಇವರೆದುರೇ ಕಲೀಲಿ. ಕಲಿಯುತ್ತೆ ಅಂತ ತೋರ್ಸೋಕೆ ತಾನೆ ಇವರನ್ನ ಕರ್ದಿದ್ದು?"

ನನ್ನನ್ನು ಕೇಳಿದ್ದರೆ ಉಲ್ಟಾ ಹಾಕು ಎನ್ನುತ್ತಿದ್ದೆ. ಐರೀನಳ ಮೇಲೆ ಸಿಟ್ಟು, ಅವನ ಮೇಲೆ ಅದಕ್ಕಿಂತ ಸಿಟ್ಟು ಬಂದಿತ್ತು. ಕಾರ್ಡು, ಕೆಂಪು ಗುಂಡಿ, ಗುರ್ರ್. ಕಾರ್ಡು, ಕೆಂಪು ಗುಂಡಿ, ಗುರ್ರ್. ಥೇಯರ್ ಎರಡು ಸಲ ಗಡಿಯಾರ ನೋಡಿಕೊಂಡು, ಟೋಪಿ ಎತ್ತಿಕೊಂಡು ಎದ್ದರು.

"ಕಲಿಯೋ ಹುಡುಗ್ರು ನಮ್ಮ ಹಡಗಲ್ಲಿ ಬೇಕಾದಷ್ಟಿದಾರೆ ಡಾಕ್ಟ್ರೇ. ನಮಗೆ ಕಲ್ತಿರೋವ್ರು ಬೇಕು."

ಅವರ ಕಾರು ಹೊರಟುಹೋಯಿತು. ಇನ್ನು ಪ್ರಯೋಗಾಲಯ ಉಳಿಯುವುದಿಲ್ಲವೆಂದು ಮೂವರಿಗೂ ಗೊತ್ತಾಯಿತು. ಆದರೂ ಪ್ರೆಂಟಿಸ್ ಗುಂಡಿ ಬಿಡಲಿಲ್ಲ. ಐರೀನ್ ಮೂಗು ಒರೆಸಿಕೊಳ್ಳುತ್ತಲೇ ಕಾರ್ಡು ಹಿಡಿದಳು. ಸಂಜೆಯಾಗುವಷ್ಟರಲ್ಲಿ ಯಂತ್ರ ಒಂದೂ ತಪ್ಪದೆ ಹೇಳುತ್ತಿತ್ತು.

ಪ್ರೆಂಟಿಸ್ ಕೋಟು ಹಾಕಿಕೊಂಡು ಖಾಲಿ ಕುರ್ಚಿಗಳ ಕಡೆ ತಿರುಗಿದ.

"ಹೋದ ಸಲಕ್ಕಿಂತ ಬೇಗ ಕಲೀತು," ಎಂದ.