ಹಿಂದಿನ ಚಕ್ರ

ಪೋಸ್ಟರಿನಿಂದ ನೂರ್ ಮುಹಮ್ಮದರನ್ನು ಅಳಿಸಿಹಾಕಿದರು.

ಅಳಿಸಿ ಉಳಿದ ಚಿತ್ರ ಕಂಕನಾಡಿಯಲ್ಲಿರುವ ತನ್ಮಯಿಯ ಡಿಸೈನ್ ಅಂಗಡಿಗೆ ಬಂತು. ನಲವತ್ತು ವರ್ಷ ಹಿಂದಿನ ತುಳು ಹಾಸ್ಯ ಸಿನಿಮಾ ಅದು. ಮಾಡಿದ್ದು ರಘುವೀರನ ಅಪ್ಪ. ಈಗ ಮಗ ಮತ್ತೆ ಬಿಡುಗಡೆ ಮಾಡುತ್ತಿದ್ದ. ಹಳೆಯ ಪೋಸ್ಟರನ್ನೇ ಊರಿಡೀ ಹಾಕಬೇಕೆಂದು ಅವನ ಹಟ. ತನ್ಮಯಿಗೆ ಇದು ಕೈಗೆ ಬಂದ ಮೊದಲ ದೊಡ್ಡ ಕೆಲಸ. ಅವಳ ಅಂಗಡಿಯಿದ್ದ ಕಟ್ಟಡವೂ ಅವನದೇ.

ಮೂಲ ಪೋಸ್ಟರನ್ನು ಅವಳು ದಿನಾ ನೋಡುತ್ತಿದ್ದಳು. ಪಕ್ಕದ ಪರದೆ ಅಂಗಡಿಯ ನಬೀಸಾ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ನೂರ್ ಮುಹಮ್ಮದರು, ಊರವರ ಬಾಯಲ್ಲಿ ನೂರ್ಕ, ನಬೀಸಾಳ ಬಾಪ. ಬಂದರಿನಲ್ಲಿ ಬಟ್ಟೆ ವ್ಯಾಪಾರ, ಸಂಜೆಯಾದರೆ ನಾಟಕ. ಸಿನಿಮಾ ಮಾತ್ರ ಇದೊಂದೇ, ಅದರಲ್ಲಿ ಮೆಕ್ಯಾನಿಕ್ಕಿನ ಪಾತ್ರ.

ಕಣ್ಣಿಗೆ ಹೊಡೆಯುವ ಹಳದಿ. ಅದರ ಮೇಲೆ ಹೆಣ್ಣು ನೋಡಲು ಹೊರಟ ನಾಲ್ವರು ಒಂದೇ ಸ್ಕೂಟರಿನಲ್ಲಿ. ಕುಂಬಳದಂಥ ತಲೆ, ಬೆರಳಿನಂಥ ಮೈ. ಹಿಂದಿನಿಂದ ಟೊಪ್ಪಿ, ಚೌಕುಳಿ ಲುಂಗಿಯ ಮೆಕ್ಯಾನಿಕ್ ಓಡಿಬರುತ್ತಿದ್ದಾನೆ. ಅವನ ಕೈಯಲ್ಲಿ ಆ ಸ್ಕೂಟರಿನ ಹಿಂದಿನ ಚಕ್ರ! ನಾಲ್ವರೂ ಕತ್ತು ಹೊರಳಿಸಿ ಅವನನ್ನೇ ನೋಡುತ್ತಿದ್ದಾರೆ. ಸಿನಿಮಾದ ಹೆಸರಿನ ಅಕ್ಷರಗಳೂ ಅವನ ಕಡೆಗೇ ವಾಲಿವೆ. ಚಿತ್ರ ಬರೆದವನು ಯಾರೋ, ತನ್ನ ಹೆಸರು ಹಾಕಿಲ್ಲ. ಆದರೆ ಓಡುವ ಬಸ್ಸಿನ ಕಿಟಕಿಯಲ್ಲಿ ಕೂತವರನ್ನು ಮುಂದಿನ ಸ್ಟಾಪಿನೊಳಗೆ ನಗಿಸಬೇಕೆಂಬುದು ಅವನಿಗೆ ಗೊತ್ತಿತ್ತು. ಎಂಟು ಕಣ್ಣುಗಳು ನಮ್ಮ ಕಣ್ಣನ್ನು ಕೈಹಿಡಿದು ಕರೆದೊಯ್ದು ಆ ಚಕ್ರದೆದುರು ನಿಲ್ಲಿಸುತ್ತಿದ್ದವು. ನಗು ಹುಟ್ಟುವುದು ಅಲ್ಲಿ.

ಈಗ ಅಲ್ಲಿ ಬರೀ ಹಳದಿ. ಮನುಷ್ಯನ ಜೊತೆ ಚಕ್ರವೂ ಹೋಗಿತ್ತು. ಒಂಟಿ ಚಕ್ರದ ಸ್ಕೂಟರಿನ ಮೇಲಿಂದ ನಾಲ್ವರು ಏನೂ ಇಲ್ಲದ ಕಡೆ ನೋಡಿ ಬಾಯಿ ಬಿಟ್ಟಿದ್ದರು. ತನ್ಮಯಿಗೆ ಅವರು ಹೆದರಿದವರ ಹಾಗೆ ಕಂಡರು.

ಟೇಪು ಕೇಳಲು ಬಂದ ನಬೀಸಾ ಕಂಪ್ಯೂಟರಿನಲ್ಲಿದ್ದ ಚಿತ್ರ ನೋಡಿ ನಿಂತಳು. ತನ್ಮಯಿ ಫೈಲು ಮುಚ್ಚುವಷ್ಟರಲ್ಲಿ ತಡವಾಗಿತ್ತು.

"ಇವರೆಲ್ಲ ಎಂತ ನೋಡುವುದು ಮಾರಾಯ್ತಿ? ಆಕಾಶದಲ್ಲಿ ವಿಮಾನ ಉಂಟಾ?"

"ನಬೀಸಾಕ್ಕ, ಇದು ನಾನು ಮಾಡಿದ್ದಲ್ಲ. ಹೀಗೆಯೇ ಬಂದದ್ದು."

"ಹೂಂ. ಚಕ್ರವಾದರೂ ಬಿಡಬಹುದಿತ್ತು. ಅದು ಯಾವ ಜಾತಿ?" ಎಂದವಳು ನಗಲು ಹೋಗಿ, ಟೇಪು ಕೇಳದೆಯೇ ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ರಘುವೀರ ಬಂದ. ಒಳಗೆ ಕಾಲಿಡುತ್ತಲೇ, "ಆಯ್ತಾ? ಒಂದು ಚಕ್ರ ಅಂಟಿಸಿ ಬಿಡು. ಮತ್ತೆ ಅವರ ಕಣ್ಣು ಎದುರಿಗೆ ತಿರುಗಿಸು, ರಸ್ತೆ ನೋಡ್ಲಿ. ನಾಳೆ ಪ್ರಿಂಟಿಗೆ ಹೋಗಬೇಕು," ಎಂದ.

"ನೂರ್ಕ ಯಾಕೆ ಬೇಡ ರಘುವೀರಣ್ಣ?"

"ನನಗೆ ಬೇಡ ಅಂತ ಯಾರು ಹೇಳಿದ್ದು? ಅವರ ಹೆಗಲ ಮೇಲೆ ಕೂತು ಶೂಟಿಂಗ್ ನೋಡಿದವ ನಾನು. ಆದರೆ ಈಗ ಟೈಮ್ ಸರಿ ಇಲ್ಲ. ಯಾರಾದರೂ ಟೊಪ್ಪಿ ಸುತ್ತ ಒಂದು ಗೆರೆ ಎಳೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಟಾಕೀಸಿನ ಗಾಜು ಉಳಿಯುತ್ತದಾ?"

"ಹಾಕಿದ್ದಾರಾ?"

"ಇಲ್ಲ. ಹಾಕುವ ಮೊದಲೇ ಜಾಗ್ರತೆ. ಸಿನಿಮಾದಲ್ಲಿ ಅವರು ಇರ್ತಾರಲ್ಲ, ಗೋಡೆಯಲ್ಲಿ ಇಲ್ಲದಿದ್ದರೆ ಎಂತ?"

ಕಲ್ಲು ಎತ್ತಿದವರು ಯಾರೂ ಇರಲಿಲ್ಲ. ಎತ್ತಬಹುದಾದ ಕೈಗೆ ಇವನೇ ಮುಂಚಿತವಾಗಿ ಒಬ್ಬ ಮನುಷ್ಯನನ್ನು ಕೊಟ್ಟುಬಿಟ್ಟಿದ್ದ. ಈಗ ಉಳಿದ ನಾಲ್ವರಿಗೂ ಬೇರೆ ಕಡೆ ನೋಡಲು ಕಲಿಸಬೇಕಿತ್ತು. ಎದುರಿಗೆ ನೋಡಿಬಿಟ್ಟರೆ ಯಾರೂ ಯಾರನ್ನೂ ಹುಡುಕುವುದಿಲ್ಲ. ಹಿಂದೆ ಒಬ್ಬನಿದ್ದ ಎಂಬುದಕ್ಕೆ ಆ ಎಂಟು ಕಣ್ಣುಗಳೇ ಕೊನೆಯ ಸಾಕ್ಷಿ.

ತನ್ಮಯಿ ಮೌಸಿನ ಮೇಲೆ ಕೈಯಿಟ್ಟಳು. ಸ್ಕೂಟರಿನಲ್ಲಿದ್ದ ಒಬ್ಬನ ಕಣ್ಣಿನ ಕರಿಯ ಬೊಟ್ಟನ್ನು ಹಿಡಿದು ರಸ್ತೆಯ ಕಡೆ ಸರಿಸಿದಳು. ಅಕ್ಕಿ ಕಾಳಿನಷ್ಟು ದೂರ. ಅಷ್ಟರಲ್ಲೇ ಅವನು ಯಾರನ್ನೂ ಅರಿಯದ ಬೇರೊಬ್ಬನಾದ. ಅವಳು ಅದನ್ನು ಮೊದಲಿದ್ದಲ್ಲಿಗೇ ತಂದು ಬಿಟ್ಟಳು.

"ಆಗುವುದಿಲ್ಲ ರಘುವೀರಣ್ಣ."

"ಎಂತ, ಕಣ್ಣು ತಿರುಗಿಸ್ಲಿಕ್ಕೆ ಬರುವುದಿಲ್ವಾ ನಿನಗೆ?"

"ಬರ್ತದೆ."

"ಮತ್ತೆ? ಅಂಗಡಿ ಯಾರ ಕಟ್ಟಡದಲ್ಲಿ ಉಂಟು, ನೆನಪುಂಟಲ್ಲ?"

"ಉಂಟು," ಎಂದು ತನ್ಮಯಿ ಮೌಸಿನಿಂದ ಕೈ ತೆಗೆದಳು. "ತಿರುಗಿಸುವುದಿಲ್ಲ."