ಕೈ ಹಾಕಿದ ಮೇಲೆ

ನನ್ನ ಗಂಡ ಕಾನೂನು ಕಾಲೇಜಿನ ಮೇಷ್ಟ್ರು. ನಾಳೆಯ ಪಾಠವನ್ನು ಇವತ್ತೇ ನನ್ನ ಮುಂದೆ ಒಪ್ಪಿಸುವುದು ಅವರ ಚಾಳಿ. ನಾನು ಹೊಲಿಗೆ ಮೆಷಿನ್ ಮುಂದೆ ಕೂತಿರುತ್ತೇನಲ್ಲ, ಎದ್ದು ಓಡಲಾರೆ ಎಂಬ ಧೈರ್ಯ. ಬಾಟಲಿ ಮುಚ್ಚಳ ಬಿಗಿಯಾಗಿದ್ದರೆ "ಲೇ, ಇದೊಂದು ನೋಡೇ" ಎಂದು ನನ್ನ ಕೈಗೇ ಕೊಡುವ ಪೈಲ್ವಾನರು. ಮೂರನೇ ಮಹಡಿಗೆ ಬಂದು ಎಷ್ಟೋ ವರ್ಷವಾದರೂ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದವರಲ್ಲ. ತಲೆ ಸುತ್ತುತ್ತದಂತೆ.

ಆವತ್ತು ಕಟ್ಟಡಕ್ಕೆ ಹೊರಗಿನಿಂದ ಬಣ್ಣ ಹೊಡೆಯುತ್ತಿದ್ದರು. ನಮ್ಮ ಕಿಟಕಿಯ ಗ್ರಿಲ್ ಬಿಚ್ಚಿಟ್ಟಿದ್ದರು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತ ಪೇಂಟರ್ ಗೋಡೆ ಬಳಿಯುತ್ತಾ ಮೇಷ್ಟ್ರ ಪಾಠವನ್ನೂ ಪುಕ್ಕಟೆ ಕೇಳುತ್ತಿದ್ದ.

"ಯಾರೋ ಸಾಯ್ತಾ ಇದ್ದಾನೆ, ದಾರೀಲಿ ಹೋಗೋನು ಸುಮ್ನೆ ನೋಡ್ತಾ ನಿಂತ. ತಪ್ಪಾ?" ಎಂದರು ಇವರು.

"ತಪ್ಪಲ್ದೆ ಇನ್ನೇನು! ಒದ್ದು ಒಳಗೆ ಹಾಕ್ಬೇಕು ಅಂಥೋರನ್ನ."

"ಇಲ್ಲ ಕಣೆ. ಪಾಪ ಇರಬಹುದು, ಅಪರಾಧ ಅಲ್ಲ. ಇಲ್ಲಿ ಹಾಗಂತ ಕಾನೂನೇ ಇಲ್ಲ. ಆದ್ರೆ ಒಂದು ಸಲ ಕೈ ಹಾಕಿದ್ಯೋ, ಆಮೇಲೆ ಮಧ್ಯದಲ್ಲಿ ಕೈ ಬಿಡೋ ಹಾಗಿಲ್ಲ. ಬಿಟ್ರೆ ಅದು ನಿನ್ನ ತಲೆಗೆ."

"ಹಾಗಾದ್ರೆ ಜಾಣ ಆದೋನು ಕೈ ಹಾಕೋದೇ ಇಲ್ಲ ಬಿಡಿ."

"ಶಭಾಷ್! ಪರೀಕ್ಷೆಗೆ ಅದೇ ಪ್ರಶ್ನೆ."

ಹೊರಗಿನಿಂದ ಪೇಂಟರ್ ನಕ್ಕ. "ಅಂದ್ರೆ ನಾನು ಬಿದ್ರೂ ನೀವು ನೋಡ್ತಾ ನಿಲ್ಲಬಹುದಾ ಮೇಷ್ಟ್ರೇ?"

"ಥೂ, ಬಿಡ್ತು ಅನ್ನಪ್ಪಾ!" ಎಂದೆ. ಕೆಟ್ಟ ಮಾತು ಬಾಯಿಂದ ಬಿದ್ದರೆ ತಕ್ಷಣ 'ಬಿಡ್ತು' ಅನ್ನಬೇಕೆಂದು ನಮ್ಮಮ್ಮ ಕಲಿಸಿದ್ದು. ಅವನು ಅನ್ನಲಿಲ್ಲ. ನಗುತ್ತಾ ಬ್ರಷ್ ಅದ್ದಿದ.

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಹೊರಗೆ ಏನೋ ಸರ್ರನೆ ಜಾರಿತು, ಡಬ್ಬ ಕೆಳಗೆ ಬಿದ್ದು ಸದ್ದಾಯಿತು. ತಲೆ ಎತ್ತಿದರೆ ಹಲಗೆಯ ಒಂದು ಕಡೆಯ ಹಗ್ಗ ಬಿಚ್ಚಿಹೋಗಿದೆ, ಪೇಂಟರ್ ಕಾಣುತ್ತಿಲ್ಲ. ಕಿಟಕಿಯ ಅಂಚಿನಲ್ಲಿ ಬಣ್ಣ ಮೆತ್ತಿದ ನಾಲ್ಕು ಬೆರಳು ಮಾತ್ರ.

ನಾನು ಸೂಜಿ ದಾರ ಹಿಡಿದು ಕೂತೇ ಇದ್ದೆ. ಇವರು ಮಾತ್ರ, ಕಿಟಕಿ ಎಂದರೆ ಮಾರು ದೂರ ನಿಲ್ಲುವ ಈ ಮನುಷ್ಯ, ಒಂದೇ ನೆಗೆತಕ್ಕೆ ಅಲ್ಲಿದ್ದರು. ಎದೆಯವರೆಗೆ ಹೊರಗೆ ಬಗ್ಗಿ ಅವನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಲೇ, ನನ್ನ ಹಿಡ್ಕೊಳೇ!"

ಓಡಿಹೋಗಿ ಅವರ ಸೊಂಟ ತಬ್ಬಿ, ಗೋಡೆಗೆ ಕಾಲು ಕೊಟ್ಟು ನಿಂತೆ. ಪೇಂಟರ್‌ನ ಒಂದು ಕಾಲಿಗೆ ಹೇಗೋ ನೀರಿನ ಪೈಪು ಸಿಕ್ಕಿತ್ತು. ಇಲ್ಲದಿದ್ದರೆ ಮೂವರೂ ಹೋಗುತ್ತಿದ್ದೆವು. ತಾರಸಿಯ ಮೇಲಿದ್ದ ಅವನ ಜೊತೆಗಾರ "ಹಗ್ಗ ತರ್ತೀನಿ, ತಡ್ಕೊಳ್ಳಿ" ಎಂದು ಕಿರುಚಿದ.

ಕೆಳಗೆ ಜನ ಸೇರಿದ್ದರು. ಅರ್ಧ ಜನ ಮೊಬೈಲ್ ಎತ್ತಿ ಹಿಡಿದಿದ್ದರು. ಕಾನೂನಿನ ಪ್ರಕಾರ ಒಬ್ಬರದ್ದೂ ತಪ್ಪಿಲ್ಲ. ಒಬ್ಬ ಹೆಂಗಸು ಮಾತ್ರ ತನ್ನ ಮನೆಯ ಹಾಸಿಗೆಯನ್ನು ಏದುಸಿರು ಬಿಡುತ್ತಾ ಬೀದಿಗೆ ಎಳೆದು ತರುತ್ತಿದ್ದಳು.

"ಕೈ ಜಾರ್ತಿದೆ, ಬಿಟ್ಬಿಡಿ ಮೇಷ್ಟ್ರೇ, ನೀವೂ ಬೀಳ್ತೀರಾ" ಎಂದು ಪೇಂಟರ್ ಅತ್ತ.

"ಬಿಡೋ ಹಾಗಿಲ್ಲ ಕಣಯ್ಯಾ. ಬಿಡೋ ಹಾಗಿಲ್ಲ." ಪಾಠ ಹೇಳುವ ಅದೇ ದನಿ. ಅವರ ಮೈ ಗಡಗಡ ನಡುಗುವುದು ನನ್ನ ಕೆನ್ನೆಗೆ ತಿಳಿಯುತ್ತಿತ್ತು. ಇಷ್ಟು ವರ್ಷ ಬಟ್ಟೆ ಹೊಲಿದುಕೊಟ್ಟ ಈ ಬಡಕಲು ಮೈಯೊಳಗೆ ಇಂಥದ್ದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಬ್ಬಾ, ಯಾರನ್ನು ತಬ್ಬಿಕೊಂಡಿದ್ದೇನೆ ಎಂದು ಬೆರಗಾಗಿ ಕಣ್ಣಲ್ಲಿ ನೀರು ಬಂತು.

ಹಗ್ಗ ಇಳಿಯಿತು. ಪೇಂಟರ್ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಮೇಲಿನಿಂದ ಜೊತೆಗಾರ ಎಳೆದ, ಇಲ್ಲಿಂದ ನಾವು ಎಳೆದೆವು. ಮೂವರೂ ನಾನು ಕತ್ತರಿಸಿಟ್ಟ ಬಟ್ಟೆಗಳ ಮೇಲೆ ಬಂದು ಬಿದ್ದೆವು.

ಎಲ್ಲಾ ಮುಗಿದರೂ ಇವರ ಕೈ ಬಿಚ್ಚಲಿಲ್ಲ. ಬೆರಳುಗಳು ಬಿಳಚಿಕೊಂಡು ಅವನ ಮುಂಗೈಗೆ ಕಚ್ಚಿಕೊಂಡಿದ್ದವು. ಒಂದೊಂದನ್ನೇ ಬಿಡಿಸಲು ನೋಡಿದೆ. ಯಾವ ಮುಚ್ಚಳವೂ ಅಷ್ಟು ಬಿಗಿಯಿರಲಿಲ್ಲ.

"ರೀ, ಒಳಗೆ ಬಂದಾಯ್ತು. ಬಿಡ್ರೀ."

ಅವರಿಗೆ ಕೇಳಿಸಿದಂತಿರಲಿಲ್ಲ. ಆಗ ಪೇಂಟರ್ ತನ್ನ ಇನ್ನೊಂದು ಕೈಯನ್ನು ಅವರ ಕೈಗಳ ಮೇಲಿಟ್ಟ.

"ಅಮ್ಮಾ, ಆಗ ಅನ್ನಲಿಲ್ಲ ನೋಡಿ" ಎಂದ. "ಈಗ ಅಂತೀನಿ. ಬಿಡ್ತು, ಮೇಷ್ಟ್ರೇ. ಬಿಡ್ತು."

ಬೆರಳುಗಳು ಮೆಲ್ಲಗೆ ಬಿಚ್ಚಿಕೊಂಡವು.

ನೀರು ಕುಡಿಸಿದೆ. ಲೋಟ ಹಿಡಿಯಲು ಅವರಿಗೆ ಆಗಲಿಲ್ಲ, ನಾನೇ ಹಿಡಿದೆ. ಏನಾದರೂ ಅನ್ನದಿದ್ದರೆ ಗೊಳೋ ಎಂದು ಅತ್ತುಬಿಡುತ್ತಿದ್ದೆ.

"ಜಾಣರು ಅಂದ್ಕೊಂಡಿದ್ದೆ ನಿಮ್ಮನ್ನ" ಎಂದೆ.

ಅವರು ತಮ್ಮ ಅಂಗೈಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡರು.

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣೆ."