ಕಿಟಕಿ ಕಟ್ಟೆಯ ಮೇಲಿನ ಸೀಸೆ

"ಕುಡಿದು ಬಂದಿದ್ದಾಳೆ ಮುಂಡೇದು. ಸಂಜೆಯೊಳಗೆ ಮಂಚ ಖಾಲಿ ಮಾಡ್ಸಿ," ಎಂದರು ದೊಡ್ಡ ಡಾಕ್ಟರು.

ಮಂಚದಲ್ಲಿದ್ದವಳು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ಅಕ್ಕ. ಚಳಿಯ ದಿನಗಳಲ್ಲಿ ವಾರ್ಡ್ ಗುಡಿಸುವ ನನ್ನ ಸಮವಸ್ತ್ರವನ್ನು ಬಾಯ್ಲರಿನ ಮೇಲಿಟ್ಟು ಬೆಚ್ಚಗೆ ಮಾಡಿ ಕೊಡುತ್ತಿದ್ದಳು. ನಾಲ್ಕು ದಿನದಿಂದ ಜ್ವರ, ತಲೆನೋವು. ಈಗ ಚಮಚಕ್ಕೆ ಬಾಗಿಲು ಅನ್ನುತ್ತಿದ್ದಳು. ನನ್ನನ್ನು ಅಮ್ಮಾ ಎಂದು ಕರೆಯುತ್ತಿದ್ದಳು.

"ಕುತ್ತಿಗೆ ಬಗ್ತಿಲ್ಲ ಸಾರ್. ಬಾಯಲ್ಲಿ ವಾಸನೇನೂ ಇಲ್ಲ," ಎಂದರು ನರ್ಸಮ್ಮ.

"ನಿನ್ನೆ ಬೆನ್ನಿಗೆ ಚುಚ್ಚಿ ತೆಗೆದ ನೀರು ತಿಳಿಯಾಗಿದೆ. ಸಕ್ಕರೆ ಸರಿಯಾಗಿದೆ. ಬಿಳಿ ರಕ್ತಕಣ ಇಲ್ಲ. ಬರೀ ನಾಟಕ."

ಡಾಕ್ಟರು ಹೋದ ಮೇಲೆ ನರ್ಸಮ್ಮ ನನ್ನತ್ತ ತಿರುಗಿದರು. "ವೈರಸ್ಸು ಮಿದುಳಿಗೇರಿದ್ರೂ ನೀರು ತಿಳಿಯಾಗೇ ಇರತ್ತೆ ಕಣೇ. ಸಕ್ಕರೇನೂ ಇಳಿಯಲ್ಲ. ಕಣ ಮಾತ್ರ ಇರ್ಬೇಕಿತ್ತು. ಕಣ ಇದೆ ಅಂದ್ರೇನೇ ವೈರಸ್ಸಿನ ಔಷಧಿ ಕೊಡೋದು. ಲ್ಯಾಬಲ್ಲಿ ನೋಡೋದು ತಡವಾದ್ರೆ ಸೀಸೇಲೇ ಕಣ ಒಡೆದುಹೋಗ್ತವೆ. ನಿನ್ನೆ ಆ ಸೀಸೇನ ಲ್ಯಾಬಿಗೆ ಬೇಗ ಕೊಟ್ಟೆ ತಾನೆ?"

"ಆಗ್ಲೇ ಕೊಟ್ಟೆ, ಅಮ್ಮಾ."

ಸುಳ್ಳು. ವಾರ್ಡ್ ಗುಡಿಸುವವರು ಲ್ಯಾಬಿನ ಬಾಗಿಲು ತಟ್ಟುವಂತಿಲ್ಲ. ಸೀಸೆಯನ್ನು ಕಿಟಕಿ ಕಟ್ಟೆಯ ಮೇಲಿಟ್ಟು, ಒಳಗಿನವರು ತಾವಾಗಿ ಎತ್ತಿಕೊಳ್ಳುವ ತನಕ ಮೆಟ್ಟಿಲ ಮೇಲೆ ಕಾಯಬೇಕು. ಹಿಂದಿನ ವಾರ ತಟ್ಟಿದ್ದಕ್ಕೆ, "ಕಕ್ಕಸು ತೊಳೆಯೋ ಕೈಲಿ ಬಾಗ್ಲು ಮುಟ್ತೀಯೇನೇ?" ಎನ್ನಿಸಿಕೊಂಡಿದ್ದೆ. ಅದಕ್ಕೇ ನಿನ್ನೆ ಮೂರು ಗಂಟೆ ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅಕ್ಕನ ಸೀಸೆಯ ಮೇಲೆ ಬಿಸಿಲು ಬಿದ್ದದ್ದನ್ನು ನೋಡಿಯೂ ಕೂತಿದ್ದೆ.

ಮಧ್ಯಾಹ್ನ ಅಕ್ಕನ ಬಾಯಿ ಸೊಟ್ಟಗಾಯಿತು, ಬಲಗೈ ಅದುರತೊಡಗಿತು. ಆಗ ನರ್ಸಮ್ಮನಿಗೆ ನಿಜ ಹೇಳಿದೆ.

ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅದುರುವುದು ನಿಲ್ಲಲು ಸೂಜಿ ಕೊಟ್ಟು, ಚಿಕ್ಕ ಡಾಕ್ಟರನ್ನು ಕೈಹಿಡಿದು ಕರೆತಂದರು. ಅವರು ಎರಡನೆಯ ಸಲ ಬೆನ್ನಿಗೆ ಚುಚ್ಚಿ ನೀರು ತೆಗೆಯುವಾಗ ಅಕ್ಕನ ಮಂಡಿಗಳನ್ನು ಎದೆಗೆ ಮಡಚಿ ಹಿಡಿದವಳು ನಾನೇ. ನೋವಿನಲ್ಲಿಯೂ ಅವಳು ನನ್ನ ತೋಳು ಸವರುತ್ತಿದ್ದಳು.

ಸೀಸೆ ಹಿಡಿದು ಓಡಿದೆ. ಕಿಟಕಿ ಕಟ್ಟೆಯ ಬಳಿ ನಿಲ್ಲಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ.

ಲ್ಯಾಬಿನವನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. "ಯಾರೇ ನಿನ್ನ ಒಳಗೆ ಬಿಟ್ಟಿದ್ದು? ಹೊರಗೆ ಕೂತ್ಕೊ ಹೋಗು."

"ನಿನ್ನೆ ಕೂತಿದ್ದೆ, ಸಾರ್."

ಸೀಸೆಯನ್ನು ಅವನ ಲೋಟದ ಪಕ್ಕದಲ್ಲಿಟ್ಟೆ. ಬಾಗಿಲು ಮುಚ್ಚಿ ಚಿಲಕ ಹಾಕಿ, ಚಿಲಕದ ಮೇಲೆ ಕೈಯಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಎಣಿಸಿ. ಆಮೇಲೆ ಯಾರನ್ನ ಬೇಕಾದ್ರೂ ಕರೀರಿ."

ಅವನು ನನ್ನ ಕೈ ನೋಡಿದ, ಚಿಲಕ ನೋಡಿದ. ಕೊನೆಗೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ. ಎಣಿಸುವ ಗುಂಡಿ ಟಿಕ್ ಟಿಕ್ ಎನ್ನತೊಡಗಿತು. ನಾನೂ ಮನಸ್ಸಿನಲ್ಲೇ ಎಣಿಸಿದೆ. ಒಂದೂ ಇಲ್ಲ ಅಂದಿದ್ದ ಕಣ ಎಂಬತ್ತು ದಾಟಿತು. ಅವನು ತಲೆ ಎತ್ತಲಿಲ್ಲ.

ನಿನ್ನೆಯ ಮೂರು ಗಂಟೆ ನೆನೆದು ನನಗೂ ತಲೆ ಎತ್ತಲಾಗಲಿಲ್ಲ. ಚಿಲಕದಿಂದ ಮಾತ್ರ ಕೈ ತೆಗೆಯಲಿಲ್ಲ.